ಯೇಸು ಹುಟ್ಟಿದ್ದು ಎಂದು, ಎಲ್ಲಿ?

ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಲ್ಲಿ, ಚರ್ಚುಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಹುಲ್ಲಿನ ಮೇಲೆ ಕೂಸು, ಪಕ್ಕದಲ್ಲಿ ಮರಿಯಳು, ಯೋಸೇಫ, ಕುರುಬರು, ಕಾಣಿಕೆ ಹಿಡಿದ ಮೂವರು ಜೋಯಿಸರು, ಒಂದು ಎತ್ತು, ಒಂದು ಕತ್ತೆ. ಈ ಗೊಂಬೆಗಳೆಲ್ಲ ಒಂದೇ ಕಥೆಯಿಂದ ಬಂದವಲ್ಲ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ. ಕುರುಬರು ಲೂಕನ ಸುವಾರ್ತೆಯಲ್ಲಿ ಮಾತ್ರ ಇದ್ದಾರೆ. ಜೋಯಿಸರು ಇರುವುದು ಮತ್ತಾಯನಲ್ಲಿ ಮಾತ್ರ, ಅವರು ಮೂವರೆಂದು ಅವನೂ ಹೇಳಿಲ್ಲ. ಎತ್ತು, ಕತ್ತೆಗಳು ಇಬ್ಬರಲ್ಲೂ ಇಲ್ಲ. ಯೆಶಾಯ ಪ್ರವಾದಿಯ ಒಂದು ವಚನವನ್ನು ಹಿಡಿದು ನಂತರದವರು ತಂದು ಕಟ್ಟಿದವು. ಯೇಸುವಿನ ಜನನದ ಕುರಿತ ಗೊಂದಲ ಶುರುವಾಗುವುದು ಈ ಎರಡು ಕಥೆಗಳ ನಡುವಿನ ಬಿರುಕಿನಲ್ಲೇ.

ಮೊದಲು ವರ್ಷ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಯೂದಾಯ ನಾಡಿನ ರಾಜ ಹೆರೋದ ಬದುಕಿದ್ದ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕೊಡುವ ವಿವರಗಳಿಂದ ಬಹುಪಾಲು ವಿದ್ವಾಂಸರು ಹೆರೋದನ ಸಾವನ್ನು ಕ್ರಿ.ಪೂ. 4ಕ್ಕೆ ಹಾಕುತ್ತಾರೆ. ಅಲ್ಲಿಗೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ಹೆರೋದನ ಕಾಲವನ್ನು ಲೂಕನೂ ಹೇಳುತ್ತಾನೆ. ಆದರೆ ಅವನು ಜನನವನ್ನು ಜೋಡಿಸುವುದು ಸಿರಿಯದ ಅಧಿಪತಿ ಕುರೇನ್ಯನ ಕಾಲದ ಖಾನೇಷುಮಾರಿಗೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಹೆರೋದನ ಮಗನನ್ನು ಇಳಿಸಿ ರೋಮ್ ಯೂದಾಯವನ್ನು ನೇರ ಆಳ್ವಿಕೆಗೆ ತೆಗೆದುಕೊಂಡಾಗ. ಎರಡಕ್ಕೂ ನಡುವೆ ಸುಮಾರು ಹತ್ತು ವರ್ಷ. ಇದನ್ನು ಹೊಂದಿಸಲು ಇನ್ನೊಂದು ಗಣತಿಯನ್ನೇ ಊಹಿಸಿದವರಿದ್ದಾರೆ. ಗಟ್ಟಿ ಆಧಾರ ಯಾರಿಗೂ ಸಿಕ್ಕಿಲ್ಲ. ಲೂಕ ತಾರೀಖು ತಪ್ಪಿದ್ದಾನೆ ಎನ್ನುವುದೇ ನನಗೆ ಸರಳವಾಗಿ ಕಾಣುತ್ತದೆ.

ಹಾಗಾದರೆ ನಾವು ದಿನವೂ ಬರೆಯುವ ಇಸವಿ ಯಾರ ಲೆಕ್ಕ? ಡಯೊನಿಸಿಯಸ್ ಎಕ್ಸಿಗುಸ್ ಎಂಬ ಸನ್ಯಾಸಿಯದು. ಕ್ರಿ.ಶ. 525ರಲ್ಲಿ ರೋಮ್‌ನಲ್ಲಿ ಕುಳಿತು ಈಸ್ಟರ್ ಹಬ್ಬದ ಪಟ್ಟಿ ಸಿದ್ಧಪಡಿಸುತ್ತಿದ್ದವನಿಗೆ ಕ್ರೈಸ್ತರನ್ನು ಹಿಂಸಿಸಿದ ಡಯೋಕ್ಲೀಷನ್ ಚಕ್ರವರ್ತಿಯ ಹೆಸರಿನ ಶಕೆಯನ್ನು ಮುಂದುವರಿಸಲು ಮನಸ್ಸಿರಲಿಲ್ಲ. ಅದರ ಬದಲು ಕ್ರಿಸ್ತನಿಂದ ವರ್ಷ ಎಣಿಸಿದ. ಹೇಗೆ ಎಣಿಸಿದೆ ಎಂದು ಮಾತ್ರ ಬರೆದಿಡಲಿಲ್ಲ.

ಇನ್ನು ದಿನ. ಮೊದಲ ತಲೆಮಾರುಗಳ ಕ್ರೈಸ್ತರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಅವರು ಕಾಪಾಡಿಕೊಂಡದ್ದು ಸಾವಿನ, ಪುನರುತ್ಥಾನದ ನೆನಪನ್ನು. ಮೊದಲ ತಲೆಮಾರಿನ ಪ್ರಚಾರಕ ಪೌಲನ ಪತ್ರಗಳಲ್ಲಿ, ಯೇಸುವಿನ ಹುಟ್ಟೂರೆನ್ನುವ ಬೆತ್ಲೆಹೇಮಿನ ಹೆಸರೇ ಬರುವುದಿಲ್ಲ. ಮಾರ್ಕನ ಸುವಾರ್ತೆ ಬೆಳೆದು ನಿಂತ ಯೇಸುವಿನಿಂದಲೇ ಆರಂಭವಾಗುತ್ತದೆ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್ ಅಂತೂ ಹುಟ್ಟುಹಬ್ಬ ಆಚರಿಸುವವರು ಫರೋಹ, ಹೆರೋದರಂಥ ಪಾಪಿಗಳು ಎಂದು ಮೂದಲಿಸಿದ್ದ. ಅದಕ್ಕೂ ಮುಂಚೆ, ಕ್ರಿ.ಶ. 200ರ ಸುಮಾರಿಗೆ, ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಲೇಖಕ ಕೆಲವರು ನಂಬಿದ್ದ ದಿನಗಳನ್ನು ಹೆಸರಿಸಿದ್ದಾನೆ. ಅವು ಏಪ್ರಿಲ್, ಮೇ ತಿಂಗಳಲ್ಲಿ ಬೀಳುತ್ತವೆ. ಡಿಸೆಂಬರ್ 25 ಅವುಗಳಲ್ಲಿಲ್ಲ. ಆ ದಿನ ಖಚಿತವಾಗಿ ಕಾಣಿಸಿಕೊಳ್ಳುವುದು ರೋಮ್‌ನಲ್ಲಿ, ಕ್ರಿ.ಶ. 354ರ ಒಂದು ಪಂಚಾಂಗದಲ್ಲಿ. ಸೂರ್ಯದೇವನ ಹಬ್ಬವನ್ನು ಚರ್ಚ್ ತನ್ನದಾಗಿಸಿಕೊಂಡಿತು ಎಂಬುದು ಎಲ್ಲರೂ ಹೇಳುವ ಕಾರಣ. ಇನ್ನೊಂದು ವಾದವೂ ಇದೆ: ಯೇಸು ಸತ್ತದ್ದು ಮಾರ್ಚ್ 25ರಂದು, ಗರ್ಭದಲ್ಲಿ ಮೂಡಿದ್ದೂ ಅದೇ ತಾರೀಖಿನಂದು ಎಂಬ ನಂಬಿಕೆ ಆಗ ಇತ್ತು, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 25. ಸಾವಿನ ನೆನಪಿಗೇ ಅಂಟಿಕೊಂಡಿದ್ದವರು ಹುಟ್ಟನ್ನೂ ಸಾವಿನಿಂದ ಲೆಕ್ಕ ಹಾಕಿದ್ದರೆ ಆಶ್ಚರ್ಯವಿಲ್ಲ.

ಸ್ಥಳದ ಪ್ರಶ್ನೆ ಇದಕ್ಕಿಂತ ತೊಡಕಿನದು. ಬೆತ್ಲೆಹೇಮ್ ಎಂಬುದರಲ್ಲಿ ಮತ್ತಾಯ, ಲೂಕ ಇಬ್ಬರಿಗೂ ಒಮ್ಮತವಿದೆ, ದಾರಿ ಮಾತ್ರ ಬೇರೆ. ಲೂಕನಲ್ಲಿ ದಂಪತಿ ನಜರೇತಿನವರು, ಗಣತಿಗೆಂದು ಬೆತ್ಲೆಹೇಮಿಗೆ ಹೋದವರು. ಮತ್ತಾಯನಲ್ಲಿ ಅವರು ಬೆತ್ಲೆಹೇಮಿನಲ್ಲೇ ಮನೆಯಲ್ಲಿದ್ದಾರೆ. ಈಜಿಪ್ಟಿಗೆ ಓಡಿಹೋಗಿ, ಹೆರೋದ ಸತ್ತ ಮೇಲೆ ಹೊಸದಾಗಿ ನಜರೇತಿನಲ್ಲಿ ನೆಲೆಸುತ್ತಾರೆ. ಹಿಂದಿನ ರಾಜ ದಾವೀದನ ಊರಾದ ಬೆತ್ಲೆಹೇಮಿನಿಂದಲೇ ಆಳುವವನು ಬರಬೇಕೆಂದು ಮೀಕ ಪ್ರವಾದಿ ನುಡಿದಿದ್ದ. ಹೀಗಾಗಿ, ನಜರೇತಿನವನೆಂದೇ ಹೆಸರಾದವನನ್ನು ಬೆತ್ಲೆಹೇಮಿಗೆ ತರಲು ಈ ಕಥೆಗಳು ಹುಟ್ಟಿದವು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಜನರೇ ಈ ತಕರಾರು ಎತ್ತುತ್ತಾರೆ: ಕ್ರಿಸ್ತ (ನಜರೇತಿರುವ ಸೀಮೆಯಾದ) ಗಲಿಲಾಯದಿಂದ ಬರುವುದುಂಟೇ? ಯೋಹಾನ ಅದಕ್ಕೆ ಉತ್ತರ ಕೊಡುವ ಗೋಜಿಗೇ ಹೋಗುವುದಿಲ್ಲ. ಗಲಿಲಾಯದಲ್ಲೂ, ನಜರೇತಿಗೆ ಹತ್ತಿರದಲ್ಲೇ, ಇನ್ನೊಂದು ಬೆತ್ಲೆಹೇಮ್ ಇದೆ. ಹುಟ್ಟೂರು ಅದೇ ಎನ್ನುವವರೂ ಇದ್ದಾರೆ. ಆದರೆ ಸುವಾರ್ತೆಗಳು ಹೇಳುವುದು ಯೂದಾಯದ ಊರನ್ನೇ.

ಹಾಗೆಂದು ಯೂದಾಯದ ಬೆತ್ಲೆಹೇಮನ್ನು ಸುಲಭವಾಗಿ ತಳ್ಳಿಹಾಕಲೂ ಆಗದು. ಅಲ್ಲಿನ ಗುಹೆಯೊಂದರಲ್ಲಿ ಜನನವಾಯಿತೆಂದು ಜಸ್ಟಿನ್ ಎಂಬ ಕ್ರೈಸ್ತ ಲೇಖಕ ಎರಡನೆಯ ಶತಮಾನದಲ್ಲೇ ಬರೆದಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಅದರ ಮೇಲೆ ಚರ್ಚ್ ಕಟ್ಟಿಸಿದ. ಇಂದು ಮೆಟ್ಟಿಲಿಳಿದು ಗುಹೆಗೆ ಹೋದರೆ ಅಮೃತಶಿಲೆಯ ನೆಲದಲ್ಲಿ ಹದಿನಾಲ್ಕು ಮೊನೆಗಳ ಬೆಳ್ಳಿಯ ನಕ್ಷತ್ರ. ಇಲ್ಲಿಯೇ ಕನ್ಯೆ ಮರಿಯಳಿಂದ ಯೇಸು ಕ್ರಿಸ್ತ ಹುಟ್ಟಿದ ಎಂದು ಅದರ ಸುತ್ತ ಲ್ಯಾಟಿನ್‌ನಲ್ಲಿ ಬರೆದಿದೆ. 1847ರಲ್ಲಿ ಆ ನಕ್ಷತ್ರವೇ ಕಾಣೆಯಾಗಿ, ಕ್ಯಾಥೊಲಿಕರಿಗೂ ಗ್ರೀಕ್ ಆರ್ಥಡಾಕ್ಸರಿಗೂ ನಡೆದ ಜಗಳ ಕ್ರಿಮಿಯಾ ಯುದ್ಧಕ್ಕೆ ಮುಂಚಿನ ಮನಸ್ತಾಪಗಳಲ್ಲಿ ಒಂದಾಯಿತು.

ಜಾಗದ ಬಗ್ಗೆ ಅಷ್ಟು ನಿಖರವಾಗಿರುವ ಆ ಚರ್ಚಿನಲ್ಲಿ ಹಬ್ಬ ಮಾತ್ರ ಮೂರು ಸಲ. ಕ್ಯಾಥೊಲಿಕರಿಗೆ ಡಿಸೆಂಬರ್ 25, ಹಳೆಯ ಜೂಲಿಯನ್ ಪಂಚಾಂಗ ಬಿಡದ ಗ್ರೀಕ್ ಆರ್ಥಡಾಕ್ಸರಿಗೆ ಜನವರಿ 7. ಜನನವನ್ನು ಜನವರಿ 6ರಂದೇ ಆಚರಿಸುವ ಅರ್ಮೇನಿಯನ್ನರು ಅಲ್ಲಿ ಅದೇ ಹಳೆಯ ಪಂಚಾಂಗ ಹಿಡಿದಿರುವುದರಿಂದ ಅವರದು ಜನವರಿ 19ಕ್ಕೆ ಬೀಳುತ್ತದೆ. 2100ರಲ್ಲಿ ಎರಡು ಪಂಚಾಂಗಗಳ ಅಂತರ ಇನ್ನೊಂದು ದಿನ ಹಿಗ್ಗಲಿದೆ. ಈ ಪದ್ಧತಿ ಹೀಗೇ ಉಳಿದರೆ, 2101ರಿಂದ ಗ್ರೀಕರ ಕ್ರಿಸ್ಮಸ್ ಜನವರಿ 8ಕ್ಕೆ ಸರಿಯುತ್ತದೆ.