ಮೆಣಸಿನ ರೇಟು ಬರುತ್ತದೆ, ಗದ್ದೆಯ ಸುದ್ದಿ ಬರುವುದಿಲ್ಲ

ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ನಮ್ಮ ಕೊಡಗಿನಲ್ಲಿ ಮೊದಲು ಕಾಣುವುದು ರೇಟು. ರೋಬಸ್ಟಾ ಕಾಫಿಯ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) 50 ಕೆ.ಜಿ. ಚೀಲಕ್ಕೆ ಎಷ್ಟು, ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಎಷ್ಟು, ಕಾಳುಮೆಣಸು ಕೆ.ಜಿ.ಗೆ ಎಷ್ಟು. ನಾನಿರುವ ನಾಲ್ಕು ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅದೇ ಪಟ್ಟಿ ಬಂದು ಬೀಳುತ್ತದೆ. ರಾತ್ರಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಇಳಿದರೆ ಬೆಳಗ್ಗೆ ಗೋಣಿಕೊಪ್ಪದ ಹೋಟೆಲಿನಲ್ಲಿ ಅದೇ ಮಾತು. ಆದರೆ ಕೆಳಗಿನ ಗದ್ದೆಯಲ್ಲಿ ಭತ್ತದ ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ ಬಿದ್ದಿದೆ ಅಂತ ಅದೇ ಗುಂಪಿಗೆ ಫೋಟೋ ಹಾಕಿದರೆ ಬರುವುದು ಎರಡು ಕೈಮುಗಿದ ಇಮೋಜಿ, ಅಷ್ಟೇ.

ಯಾಕೆ ಹೀಗೆ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ.

ಕೊಡಗಿನಲ್ಲಿ ಭತ್ತ ಹೆಚ್ಚಾಗಿ ಒಂದೇ ಬೆಳೆ. ಮಳೆಗಾಲದಲ್ಲಿ ನಾಟಿ, ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಕೊಯ್ಲು. ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಗಿಟ್ಟುವುದಿಲ್ಲ, ಬೆಳೆದದ್ದನ್ನು ಆನೆ ಬಂದು ತುಳಿಯುತ್ತದೆ. ಹಾಗಾಗಿ ಗದ್ದೆ ಪಾಳು ಬೀಳುತ್ತಿದೆ, ಇಲ್ಲಾ ಶುಂಠಿಗೆ ಹೋಗುತ್ತಿದೆ. ಹುತ್ತರಿಗೆ ಕದಿರು ತೆಗೆಯಲು ಪಕ್ಕದವರ ಗದ್ದೆ ಹುಡುಕಿಕೊಂಡು ಹೋಗುವ ಮನೆಗಳೂ ಇವೆ. ಹಸಿವಂತೂ ಇಲ್ಲ, ಅಕ್ಕಿ ಲಾರಿಯಲ್ಲಿ ಬರುತ್ತದೆ, ಕಾಫಿ ಮಾರಿ ಕೊಳ್ಳುತ್ತೇವೆ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆ ಅಂದರೆ ಏನು ಅಂತ ಹೇಳಿತಲ್ಲ, ಅದರಲ್ಲಿ ಸಾಕಷ್ಟು ಆಹಾರ ಎಲ್ಲರಿಗೂ ಸಿಗಬೇಕು ಅನ್ನೋದರ ಜೊತೆಗೆ ಎಲ್ಲಾ ಕಾಲಕ್ಕೂ ಅನ್ನೋ ಮಾತೂ ಇದೆ. ಕಾಫಿ ರೇಟು ಬಿದ್ದ ವರ್ಷ, ಗುಡ್ಡ ಜರಿದು ರಸ್ತೆ ಮುಚ್ಚಿದ ವಾರ ಏನು ಮಾಡೋದು? 2018ರ ಆಗಸ್ಟ್ ತಿಂಗಳ ಭೂಕುಸಿತ ನೋಡಿದವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ.

ಮತ್ತೆ ಮೊಬೈಲಿಗೆ ಬರೋಣ. ರೇಟಿನ ಸುದ್ದಿಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ಪಕ್ಕದ ಕೇರಳದಲ್ಲೇ ಸಾಕ್ಷಿ ಇದೆ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂತು. ಅದಕ್ಕೆ ಮುಂಚೆ ಒಂದು ದಡದಲ್ಲಿ ಬೂತಾಯಿ ಮೀನನ್ನು ಕೊಳ್ಳುವವರಿಲ್ಲದೆ ಸಮುದ್ರಕ್ಕೆ ಚೆಲ್ಲುತ್ತಿದ್ದರು, ಕೆಲವೇ ಮೈಲಿ ಆಚೆ ಮೀನೇ ಇಲ್ಲದೆ ಗಿರಾಕಿಗಳು ಬರಿಗೈಯಲ್ಲಿ ವಾಪಸ್. ದೋಣಿಯಿಂದಲೇ ಫೋನ್ ಮಾಡಿ ರೇಟು ಕೇಳುವುದು ಶುರುವಾದ ಮೇಲೆ ಆ ದಂಡ ನಿಂತಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಲೆಕ್ಕ ಕೊಟ್ಟರು: ಮೀನುಗಾರರ ಲಾಭ ಸುಮಾರು ಶೇಕಡ 8 ಏರಿತು, ಮೀನಿನ ಬೆಲೆ ಶೇಕಡ 4 ಇಳಿಯಿತು. ಇಬ್ಬರಿಗೂ ಲಾಭ.

ಇದು ಆಗಿದ್ದು ರೇಟು ಅನ್ನೋದು ಬರೀ ಒಂದು ಅಂಕಿ ಆದ್ದರಿಂದ. ಅದನ್ನು ಎಲ್ಲಿಂದ ಕಳಿಸಿದರೂ ಅದೇ ಅರ್ಥ. ಬೇಸಾಯದ ಸಂಗತಿ ಹಾಗಲ್ಲ, ಅದು ಒಂದು ಊರಲ್ಲಿ ಸರಿ, ಇನ್ನೊಂದು ಊರಲ್ಲಿ ತಪ್ಪು.

ನಾನೇ ಪೆಟ್ಟು ತಿಂದಿದ್ದೇನೆ. ನಾಟಿಗೆ ಆಳಿಲ್ಲ ಅಂತ ಯೂಟ್ಯೂಬಿನಲ್ಲಿ ಡ್ರಮ್ ಸೀಡರ್ ವಿಡಿಯೋ ನೋಡಿದೆ. ಮೊಳಕೆ ಬರಿಸಿದ ಭತ್ತವನ್ನು ಡಬ್ಬಿಗೆ ತುಂಬಿ ಕೆಸರಿನ ಮೇಲೆ ಎಳೆದುಕೊಂಡು ಹೋದರೆ ಸಾಲಾಗಿ ಬೀಳುತ್ತದೆ, ಸಸಿಮಡಿ ಬೇಡ, ನಾಟಿ ಬೇಡ, ಬೆನ್ನು ನೋವೂ ಬೇಡ. ಒಳ್ಳೆ ವಿಡಿಯೋ, ಸುಳ್ಳೇನೂ ಇರಲಿಲ್ಲ. ಆದರೆ ಅದು ನಾಲೆ ನೀರಿನ ಬಯಲುಸೀಮೆಯದ್ದು. ಅಲ್ಲಿ ನೀರು ಬೇಕಾದಾಗ ಬಿಡಬಹುದು, ಬೇಡವಾದಾಗ ಕಟ್ಟಬಹುದು. ಬೀಜ ಬೇರೂರುವ ತನಕ ಗದ್ದೆಯಲ್ಲಿ ನೀರು ನಿಲ್ಲಬಾರದು. ನಾನೂ ಹಾಗೇ ಬಿತ್ತಿದೆ. ನಮ್ಮಲ್ಲಿ ಮೂರನೇ ರಾತ್ರಿ ಮಳೆ ಹೊಡೆಯಿತು ನೋಡಿ, ಬೆಳಗ್ಗೆ ಅಷ್ಟೂ ಬೀಜ ಕೆಳಗಿನ ಬದುವಿನ ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ದೊಡ್ಡಪ್ಪ ಕೊಡೆ ಹಿಡಿದು ನೋಡಿ, "ಆ ವಿಡಿಯೋದವನ ಊರಲ್ಲಿ ಆಟಿ ಮಳೆ ಬರುತ್ತಾ ಅಂತ ಕೇಳಿದ್ದೆಯಾ?" ಅಂದರು. ಕೇಳಿರಲಿಲ್ಲ.

ಇದೇ ಎಡವಟ್ಟು ದೊಡ್ಡ ಮಟ್ಟದಲ್ಲೂ ಆಗಿದೆ. 1975ರಲ್ಲಿ ಜಾರ್ಜ್ ಆಟ್ಕಿನ್ಸ್ ಅನ್ನುವ ಕೆನಡಾದ ಕೃಷಿ ರೇಡಿಯೋ ಪ್ರಸಾರಕ ಜಾಂಬಿಯಾಕ್ಕೆ ಹೋಗಿದ್ದಾಗ ಆಫ್ರಿಕಾದ ಒಬ್ಬ ಪ್ರಸಾರಕನನ್ನು ಕೇಳಿದನಂತೆ, ಇತ್ತೀಚೆಗೆ ಯಾವ ವಿಷಯದ ಮೇಲೆ ಕಾರ್ಯಕ್ರಮ ಮಾಡಿದಿರಿ ಅಂತ. ಟ್ರ್ಯಾಕ್ಟರಿನ ಸ್ಪಾರ್ಕ್ ಪ್ಲಗ್ ನೋಡಿಕೊಳ್ಳುವುದು ಹೇಗೆ ಅನ್ನುವುದರ ಮೇಲೆ ಅಂತ ಉತ್ತರ ಬಂತು. ಕೇಳುಗರಲ್ಲಿ ಟ್ರ್ಯಾಕ್ಟರ್ ಇದ್ದವರು ಎಲ್ಲೋ ಕೆಲವರು. ಶ್ರೀಮಂತ ದೇಶದಿಂದ ಬಂದ ಮಾಹಿತಿಯನ್ನು ಹಾಗೇ ಓದಿದ್ದರು. ಆಟ್ಕಿನ್ಸ್ 1979ರಲ್ಲಿ ಸಣ್ಣ ರೈತರಿಗೇ ಹೊಂದುವ ರೇಡಿಯೋ ಬರಹಗಳನ್ನು 26 ದೇಶಗಳ 34 ಪ್ರಸಾರಕರಿಗೆ ಕಳಿಸಲು ಶುರು ಮಾಡಿದ. ಅದೇ ಈಗಿನ ಫಾರ್ಮ್ ರೇಡಿಯೋ ಇಂಟರ್‌ನ್ಯಾಷನಲ್.

ಹಾಗಂತ ರೇಡಿಯೋ ದಂಡ ಅಂತ ಅಲ್ಲ. 1960ರ ದಶಕದಲ್ಲಿ ತಂಜಾವೂರು ಕಡೆ ಎ.ಡಿ.ಟಿ. 27 ಅನ್ನುವ ಭತ್ತದ ತಳಿ ರೇಡಿಯೋ ಕೇಳಿಯೇ ಎಷ್ಟು ಹಬ್ಬಿತು ಅಂದರೆ ಜನ ಅದನ್ನು ರೇಡಿಯೋ ಭತ್ತ ಅಂತಲೇ ಕರೆದರು. ಅದಕ್ಕೂ ಮೊದಲು, 1956ರಲ್ಲಿ, ಪುಣೆಯ ಸುತ್ತಮುತ್ತ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಗುಂಪು ಮಾಡಿದ್ದರು. ವಾರಕ್ಕೆ ಎರಡು ದಿನ ಎಲ್ಲರೂ ಸೇರಿ ಕೇಳುವುದು, ಆಮೇಲೆ ಜಗಳ ಆಡುವುದು, ಉಳಿದ ಪ್ರಶ್ನೆಗಳನ್ನು ಬರೆದು ಆಕಾಶವಾಣಿಗೆ ವಾಪಸ್ ಕಳಿಸುವುದು. ನನಗೆ ಆ ಜಗಳದ ಭಾಗವೇ ಮುಖ್ಯ ಅನಿಸುತ್ತದೆ.

ಯಾಕಂದರೆ ಅಮೆರಿಕದ ಅಯೋವಾದಲ್ಲಿ ರಯಾನ್ ಮತ್ತು ಗ್ರಾಸ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಅಂತ ಮನೆಮನೆಗೆ ಹೋಗಿ ಕೇಳಿ 1943ರಲ್ಲಿ ಬರೆದರು. ಹೊಸ ಬೀಜ ಇದೆ ಅನ್ನೋ ಸುದ್ದಿ ಹೆಚ್ಚಿನವರಿಗೆ ಮೊದಲು ಬಂದಿದ್ದು ಬೀಜ ಮಾರುವವರಿಂದ. ಆದರೆ ಬಿತ್ತೋಣ ಅಂತ ಮನಸ್ಸು ಮಾಡಿಸಿದ್ದು ಪಕ್ಕದ ಹೊಲದವನು. ಸುದ್ದಿ ಕೇಳಿದ ಮೇಲೂ ಬಹಳ ಜನ ವರ್ಷಗಟ್ಟಲೆ ಕಾದರು, ಬಿತ್ತಿದಾಗಲೂ ಮೊದಲು ಸ್ವಲ್ಪ ಜಾಗದಲ್ಲಿ. ದಡ್ಡತನ ಅಲ್ಲ ಅದು. ಒಂದೇ ಬೆಳೆ ಇರುವವನು ಇಡೀ ಗದ್ದೆ ಪಣಕ್ಕಿಡುವುದಿಲ್ಲ. (ನಾನು ಇಟ್ಟಿದ್ದೆ, ಅದು ಬೇರೆ ವಿಷಯ.)

ನಮ್ಮಲ್ಲಿ ಇದನ್ನು ಮೊದಲೇ ಅರ್ಥ ಮಾಡಿಕೊಂಡವರು ಘಟ್ಟದ ಕೆಳಗಿನವರು. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ರೈತರ ಕೈಗೇ ಪೆನ್ನು ಕೊಟ್ಟು ಬರೆಸಿಕೊಂಡು ಬಂದಿದೆ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಇದನ್ನೇ ಕ್ಯಾಮೆರಾದಲ್ಲಿ ಮಾಡಿತು: ಊರಿನ ರೈತನದೇ ವಿಡಿಯೋ ತೆಗೆದು ಅಲ್ಲಿನವರಿಗೇ ತೋರಿಸಿ, ನಡುವೆ ನಿಲ್ಲಿಸಿ, ಮಾತಾಡಿಸುವುದು. ಅಧಿಕಾರಿ ಬಂದು ಹೇಳಿ ಹೋಗುವ ಹಳೇ ಪದ್ಧತಿಗೆ ಹೋಲಿಸಿದರೆ ಖರ್ಚು ಮಾಡಿದ ಒಂದೊಂದು ರೂಪಾಯಿಗೆ ಇದರಿಂದ ಸುಮಾರು 10 ಪಟ್ಟು ಫಲ ಸಿಕ್ಕಿತು ಅಂತ ಅವರ ಅಧ್ಯಯನ ಹೇಳಿತು. ನೋಡಿದವರು ಮೊದಲು ಕೇಳುತ್ತಿದ್ದುದು ವಿಡಿಯೋದಲ್ಲಿರುವವನ ಹೆಸರು ಮತ್ತು ಊರು.

ಮಳೆಗಾಲದಲ್ಲಿ ನಮ್ಮಲ್ಲಿ ಮೂರ್ನಾಲ್ಕು ದಿನ ಕರೆಂಟು ಹೋದರೆ ಟವರೂ ಹೋಗುತ್ತದೆ. ಆಗ ಉಳಿಯುವುದು ದೊಡ್ಡಪ್ಪನ ಟ್ರಾನ್ಸಿಸ್ಟರ್ ಮತ್ತು ಮಡಿಕೇರಿ ಆಕಾಶವಾಣಿ. ಭತ್ತದ ಎಲೆ ಮೇಲೆ ಕಣ್ಣಿನ ಆಕಾರದ ಆ ಚುಕ್ಕೆ ಬೀಳಿಸುವ ಬೆಂಕಿ ರೋಗ ಬರುವುದೂ ಅಂಥ ದಿನಗಳಲ್ಲೇ. ಅದು ಶಿಲೀಂಧ್ರ. ಮೋಡ, ಚಳಿ, ಎಲೆ ಮೇಲೆ ಒಣಗದ ನೀರು ಇದ್ದರೆ ಹಬ್ಬುತ್ತದೆ, ಯೂರಿಯಾ ಜಾಸ್ತಿ ಹಾಕಿದ ಗದ್ದೆಯಲ್ಲಂತೂ ಕೇಳುವುದೇ ಬೇಡ. ಕಳೆದ ಸಲ ನೆಟ್‌ವರ್ಕ್ ಬಂದ ದಿನ ನಾನು ಯೂರಿಯಾ ಹೆಚ್ಚು ಬಿದ್ದ ಮೂಲೆ ಮತ್ತು ಕಡಿಮೆ ಬಿದ್ದ ಮೂಲೆ ಎರಡನ್ನೂ ಒಂದೇ ವಿಡಿಯೋದಲ್ಲಿ ತೆಗೆದು, ದೊಡ್ಡಪ್ಪನ ಕೈಯಲ್ಲೇ ಮಾತಾಡಿಸಿ, ರೇಟಿನ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಒಬ್ಬರು ಬರೆದರು: "ಇದು ಯಾವ ಗದ್ದೆ, ತೋಡಿನ ಪಕ್ಕದ್ದಾ?"

ಮರುದಿನ ಬೆಳಗ್ಗೆ ಮೂರು ಜನ ಬದುವಿನ ಮೇಲೆ ನಿಂತಿದ್ದರು.