ಅಡಮಾನ ಇಡುವವರು ಯಾರು?

‘ಪುಣೆಯಲ್ಲಿ ಅಪ್ರೆಂಟಿಸ್ ಆಗಿದ್ದೇನೆ, ನನಗೆ ಅಡಮಾನ ಸಿಗುತ್ತದೆಯೇ?’ ಈ ಪ್ರಶ್ನೆಯ ತೊಡಕು ಕ್ರಿಯಾಪದದಲ್ಲೇ ಇದೆ. ಸಿಗುವುದು ಸಾಲ. ಅಡಮಾನ ಇಡುವವರು ನೀವು, ಇಟ್ಟುಕೊಳ್ಳುವುದು ಬ್ಯಾಂಕು. ಇಂಗ್ಲಿಷ್ ಜಾಹೀರಾತನ್ನು ಪದಕ್ಕೆ ಪದ ಇಳಿಸಿ ‘ಅಡಮಾನ ಪಡೆಯಿರಿ’ ಎಂದು ಬರೆಯುವುದು ಇನ್ನಾದರೂ ನಿಲ್ಲಬೇಕು.

ಮೂಲ ಪದ ‘ಅಡ’. ಒಡವೆ ಅಡ ಇಟ್ಟರು, ಗದ್ದೆ ಅಡವಿಟ್ಟು ಮದುವೆ ಮಾಡಿದರು ಎಂದು ಊರಲ್ಲಿ ಹೇಳುವುದು ಇದನ್ನೇ. ತಮಿಳಿನಲ್ಲೂ ಅಡಮಾನಂ ಇದೆ. ಮರಾಠಿಯ ಗಹಾಣ್ ಬೇರೆಯೇ ಪದ. ಆದರೂ ಅದರ ಜೊತೆಗೆ ಬರುವ ಕ್ರಿಯಾಪದ ‘ಠೇವಣೇ’, ಅಂದರೆ ಇಡುವುದು. ಇಡಬೇಕಾದರೆ ವಸ್ತು ನಮ್ಮದಾಗಿರಬೇಕು. ಸಾಲ ತೀರಿದ ಮೇಲೆ ‘ಬಿಡಿಸಿಕೊಳ್ಳು’ತ್ತೇವೆ. ಇಡು, ಇಟ್ಟುಕೊ, ಬಿಡಿಸಿಕೊ: ಯಾರು ಏನು ಮಾಡುತ್ತಾರೆ ಎಂಬುದನ್ನು ಕನ್ನಡ ಈ ಮೂರು ಮಾತಿನಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮೂ ಹೇಳುವುದು ಇದನ್ನೇ: ಸಾಲದ ಭದ್ರತೆಗಾಗಿ ಒಡೆಯ ತನ್ನ ಸ್ಥಿರಾಸ್ತಿಯಲ್ಲಿನ ಹಕ್ಕನ್ನು ವರ್ಗಾಯಿಸಿಕೊಡುವುದೇ ಅಡಮಾನ.

ಭೋಗ್ಯವನ್ನೂ ಇದರೊಳಗೆ ಕಲಸಬೇಡಿ. ಬೆಂಗಳೂರಿನಲ್ಲಿ ಇಡಿಗಂಟು ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವ ಮನೆ ಮುಂಬೈ, ಪುಣೆಯಲ್ಲಿ ‘ಹೆವಿ ಡಿಪಾಸಿಟ್’. ಮಹಾರಾಷ್ಟ್ರದ ಕಾಗದಗಳಲ್ಲಿ ಬರುವ ‘ಭೋಗವಟಾ ಪ್ರಮಾಣಪತ್ರ’ಕ್ಕೂ ಭೋಗ್ಯಕ್ಕೂ ಸಂಬಂಧವಿಲ್ಲ, ಅದು ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಓಸಿ.

ಇಷ್ಟು ಬಿಡಿಸಿಕೊಂಡರೆ ಕಲಿಯುತ್ತಿರುವವರ ಪ್ರಶ್ನೆ ಎರಡಾಗುತ್ತದೆ. ಸಾಲ ನಿಂತಿರುವುದು ಆದಾಯದ ಮೇಲೆ, ಅಡಮಾನ ನಿಂತಿರುವುದು ಹಕ್ಕುಪತ್ರದ ಮೇಲೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿಯವನೇ ಹೊರತು ಕಾರ್ಮಿಕನಲ್ಲ. ಅವನ ಸ್ಟೈಪೆಂಡನ್ನು ಸಂಬಳವೆಂದು ಲೆಕ್ಕ ಹಿಡಿಯುವ ಬ್ಯಾಂಕು ಅಪರೂಪ. ಪ್ರೊಬೇಷನ್‌ನಲ್ಲಿರುವವರ ಸ್ಥಿತಿ ಬೇರೆ: ಅವರಿಗೆ ಸಾಮಾನ್ಯವಾಗಿ ಸ್ಯಾಲರಿ ಸ್ಲಿಪ್, ಪಿಎಫ್ ಇರುತ್ತವೆ. ಶಿಕ್ಷಣ ಸಾಲದ ಕಂತು ಶುರುವಾಗಿರದಿದ್ದರೂ ಕ್ರೆಡಿಟ್ ವರದಿಯಲ್ಲಿ ಆ ಸಾಲ ಕಾಣುತ್ತದೆ, ಮುಚ್ಚಿಡಬೇಡಿ.

ಪುಣೆಯಲ್ಲಿ 50 ಲಕ್ಷದ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಬೆಲೆಯ 80%, ಅಂದರೆ 40 ಲಕ್ಷ. ಮುದ್ರಾಂಕ ಶುಲ್ಕ ಆ ಬೆಲೆಯೊಳಗೆ ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. 10 ಲಕ್ಷ ಸ್ವಂತ ದುಡ್ಡಿನ ಜೊತೆಗೆ 50 ಲಕ್ಷಕ್ಕೆ 7% ಮುದ್ರಾಂಕ 3.5 ಲಕ್ಷ, ನೋಂದಣಿ 30,000: ಒಟ್ಟು 13.8 ಲಕ್ಷ ಕೈಯಲ್ಲಿರಬೇಕು. 8.5% ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ ಸುಮಾರು 34,700 ರೂಪಾಯಿ.

ಆದಾಯ ಸಾಲದಿದ್ದಾಗ ಸೊಲ್ಲಾಪುರದಲ್ಲೋ ವಿಜಯಪುರದಲ್ಲೋ ಇರುವ ಅಪ್ಪನನ್ನು ಸಹ-ಅರ್ಜಿದಾರರನ್ನಾಗಿ ಮಾಡುತ್ತಾರೆ. ಮಾಡಲಿ, ಆದರೆ ಅಪ್ಪ ಅದರಿಂದ ಸಹ-ಮಾಲೀಕರಾಗುವುದಿಲ್ಲ. ಮನೆ ಖರೀದಿಯ ಕರಾರುಪತ್ರದಲ್ಲಿ ಅವರ ಹೆಸರಿಲ್ಲದಿದ್ದರೆ ಅವರು ಸಾಲಗಾರರು ಮಾತ್ರ: ಕಂತಿನ ಹೊಣೆ ಪೂರ್ತಿ, ಮನೆಯಲ್ಲಿ ಹಕ್ಕಿಲ್ಲ, ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ. ಅವರ ವಯಸ್ಸು ನೋಡಿ ಸಾಲದ ಅವಧಿ ಮೊಟಕಾಗಬಹುದು. ಆಗ ಕಂತು ಏರುತ್ತದೆ.

ಅಡಮಾನ ಇಡುವ ಕೆಲಸ ನಡೆಯುವುದು ಬ್ಯಾಂಕಿನ ಮೇಜಿನ ಮೇಲೆ. ನೋಂದಾಯಿತ ಕರಾರುಪತ್ರದ ಮೂಲಪ್ರತಿ, ಇಂಡೆಕ್ಸ್ ಟು (ನೋಂದಣಿ ಕಚೇರಿ ಕೊಡುವ ಕರಾರಿನ ಸಾರಾಂಶ), ನೋಂದಣಿ ರಸೀದಿಗಳನ್ನು ಭದ್ರತೆಗೆಂದು ಒಪ್ಪಿಸಿದರೆ ಅದೇ ಅಡಮಾನ. ಮಹಾರಾಷ್ಟ್ರದಲ್ಲಿ ಅಲ್ಲಿಂದ 30 ದಿನದೊಳಗೆ ನೋಂದಣಿ ಕಚೇರಿಗೆ ‘ನೋಟಿಸ್ ಆಫ್ ಇಂಟಿಮೇಷನ್’, ಅಂದರೆ ಅಡಮಾನ ಇಟ್ಟ ತಿಳಿವಳಿಕೆ ಪತ್ರ, ಸಲ್ಲಿಸಬೇಕು. ಸಲ್ಲಿಸುವ ಹೊಣೆ ಅಡಮಾನ ಇಟ್ಟವರದು, ಬ್ಯಾಂಕಿನದಲ್ಲ. ಅದರಲ್ಲಿ ಅಡಮಾನ ಇಟ್ಟವರ ಹೆಸರು ಕರಾರುಪತ್ರದಲ್ಲಿರುವಂತೆಯೇ ಇರಲಿ. ಸಹ-ಅರ್ಜಿದಾರ ಅಪ್ಪನ ಹೆಸರನ್ನು ಅಲ್ಲಿ ತುಂಬಬೇಡಿ. ಒಪ್ಪಿಸಿದ ಕಾಗದಗಳ ಪಟ್ಟಿಗೆ ಬ್ಯಾಂಕಿನ ಸಹಿ, ಮೊಹರು ಹಾಕಿಸಿಕೊಂಡೇ ಎದ್ದು ಬನ್ನಿ.

ಬಿಡಿಸಿಕೊಳ್ಳುವಾಗ ಕೇಳುವುದೂ ಆ ಪಟ್ಟಿಯನ್ನೇ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳು ಕೈಸೇರಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.