ಮೇಲಧಿಕಾರಿ ಹೇಳಿದ್ದನ್ನೆಲ್ಲ ಸೈನಿಕ ಮಾಡಲೇಬೇಕೇ?

ಪ್ರಶ್ನೆ: ನನ್ನ ತಮ್ಮನ ಮಗ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಬರುವ ತಿಂಗಳು ತರಬೇತಿಗೆ ಹೊರಡಬೇಕು. ಊರಿನಲ್ಲಿ ಎಲ್ಲರೂ ಅವನಿಗೆ ಹೇಳುವುದು ಒಂದೇ ಮಾತು: 'ಮಿಲಿಟರಿಯಲ್ಲಿ ಎದುರು ಮಾತಾಡಬೇಡ, ಮೇಲಿನವರು ಏನು ಹೇಳಿದರೂ ಮಾಡು.' ಹೇಳಿದ್ದು ತಪ್ಪೆಂದು ಅವನಿಗೆ ಗೊತ್ತಿದ್ದರೂ ಮಾಡಲೇಬೇಕೇ? ಮಾಡದಿದ್ದರೆ ಏನಾಗುತ್ತದೆ?
– ಓದುಗರು, ಶ್ರೀನಿವಾಸಪುರ ತಾಲೂಕು, ಕೋಲಾರ ಜಿಲ್ಲೆ

ಉತ್ತರ: ಊರಿನವರ ಬುದ್ಧಿಮಾತು ಮುಕ್ಕಾಲು ಪಾಲು ಸರಿಯಾಗಿದೆ, ನಿಮ್ಮ ಪ್ರಶ್ನೆ ಇರುವುದು ಉಳಿದ ಕಾಲು ಪಾಲಿನಲ್ಲಿ. ಅಗ್ನಿವೀರರನ್ನೂ ಸೇರಿಸಿ ಭೂಸೇನೆಯ ಎಲ್ಲರಿಗೂ ಅನ್ವಯಿಸುವುದು 1950ರ ಸೇನಾ ಕಾಯ್ದೆ. ಅದರ 41ನೇ ಕಲಂ ಆದೇಶ ಮೀರುವುದನ್ನು ಅಪರಾಧವೆಂದು ಹೇಳುತ್ತದೆ. ಆದರೆ ಅಲ್ಲಿ ಬರಿಯ 'ಆದೇಶ' ಎಂದಿಲ್ಲ, 'ಕಾನೂನುಬದ್ಧ ಆದೇಶ' ಎಂದಿದೆ. ಮೇಲಧಿಕಾರಿ ತನ್ನ ಹುದ್ದೆಯ ಕೆಲಸದಲ್ಲಿದ್ದು ಖುದ್ದಾಗಿ ಕೊಟ್ಟ ಕಾನೂನುಬದ್ಧ ಆದೇಶವನ್ನು, ಅವರ ಅಧಿಕಾರವನ್ನೇ ಧಿಕ್ಕರಿಸುವ ರೀತಿಯಲ್ಲಿ ಮೀರಿದವನಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅಂಥ ಧಿಕ್ಕಾರವಿಲ್ಲದೆ ಆದೇಶವನ್ನು ಪಾಲಿಸದೆ ಹೋದರೆ, ಸಕ್ರಿಯ ಸೇವೆಯಲ್ಲಿದ್ದಾಗ (ಯುದ್ಧದಂಥ ಕಾರ್ಯಾಚರಣೆಯ ಹೊತ್ತಿನಲ್ಲಿ) 14 ವರ್ಷ, ಉಳಿದ ಸಮಯದಲ್ಲಿ 5 ವರ್ಷಗಳವರೆಗೆ ಶಿಕ್ಷೆಯಿದೆ.

ಆದ್ದರಿಂದ ಕಾನೂನುಬದ್ಧವಾದುದನ್ನು ಇಷ್ಟವಿದ್ದರೂ ಇಲ್ಲದಿದ್ದರೂ ಮಾಡಲೇಬೇಕು. ಕಾನೂನಿಗೆ ವಿರುದ್ಧವಾದುದನ್ನು ಮಾಡಬೇಕಾಗಿಲ್ಲ. ಮಾಡಿದರೆ ಹೇಳಿದವರ ಜೊತೆಗೆ ಮಾಡಿದವನೂ ಕಟಕಟೆ ಹತ್ತಬೇಕಾಗಬಹುದು. ಕಷ್ಟವೆಂದರೆ, ಇವೆರಡರ ನಡುವಿನ ಗೆರೆ ಯಾವುದೆಂದು ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕಾಗುತ್ತದೆ, ಆ ತೀರ್ಮಾನ ಸರಿಯೇ ಎಂಬುದನ್ನು ಸೇನೆಯ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್ ತಿಂಗಳುಗಳ ನಂತರ ನಿಧಾನವಾಗಿ ಕುಳಿತು ಅಳೆಯುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಕಷ್ಟದ ಆದೇಶ, ಅಪಾಯದ ಆದೇಶ, ಬೇಸರದ ಆದೇಶ, ದಡ್ಡತನದ್ದೆಂದು ತೋರುವ ಆದೇಶ, ಇವು ಯಾವುವೂ ಕಾನೂನುಬಾಹಿರವಲ್ಲ. ಬೆಳಗಿನ ಜಾವ ಬೆನ್ನಿಗೆ ಪೂರ್ತಿ ಹೊರೆ ಕಟ್ಟಿಕೊಂಡು ಓಡು ಎಂದರೆ ಓಡಬೇಕು, ಹಿಮದ ಗಡಿಠಾಣೆಗೆ ಹೋಗು ಎಂದರೆ ಹೋಗಬೇಕು, ಪಾಲಿಶ್ ಆದ ಬೂಟನ್ನೇ ಮತ್ತೆ ಪಾಲಿಶ್ ಮಾಡು ಎಂದು ತರಬೇತಿ ಕೊಡುವ ಉಸ್ತಾದ್ ಹೇಳಿದರೂ ಮಾಡಬೇಕು. ಸೇನೆಯ ಕೆಲಸಕ್ಕೆ ಸಂಬಂಧಿಸಿದ ಆದೇಶವನ್ನು ಕಾನೂನುಬದ್ಧವೆಂದೇ ಭಾವಿಸಿ ನಡೆಯಬೇಕೆಂಬುದು ಅಲ್ಲಿನ ಪದ್ಧತಿ. ತಕರಾರಿದ್ದರೆ ಮೊದಲು ಕೆಲಸ, ಆಮೇಲೆ ದೂರು. ಹೊಸದಾಗಿ ಸೇರಿದ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. 'ನನಗೆ ಸರಿ ಕಾಣಲಿಲ್ಲ' ಎಂಬುದು ಕಾರಣವಾಗುವುದಿಲ್ಲ. ಯಾರು ನೋಡಿದರೂ ಅಪರಾಧವೆಂದು ಮೇಲ್ನೋಟಕ್ಕೇ ಕಾಣುವಂಥದ್ದನ್ನು ಮಾಡೆಂದಾಗ ಮಾತ್ರ ಪಾಲಿಸದಿರುವ ಪ್ರಶ್ನೆ ಏಳುತ್ತದೆ.

ಪಾಲಿಸದಿರುವ ಆ ಹಕ್ಕಿಗೆ ಬೇರು ಎಲ್ಲಿದೆಯೆಂಬುದನ್ನು ಪ್ರಮಾಣವಚನದಲ್ಲಿಯೇ ಕಾಣಬಹುದು. ತರಬೇತಿ ಮುಗಿದ ಮೇಲೆ ನಡೆಯುವ, ಜವಾನರು ಕಸಂ ಪರೇಡ್ ಎಂದು ಕರೆಯುವ ಸಮಾರಂಭದಲ್ಲಿ ನಿಮ್ಮ ಹುಡುಗ ಮೊದಲು ಹೇಳುವುದು ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬ ಮಾತನ್ನು. ನೆಲ, ಜಲ, ವಾಯು ಯಾವ ಮಾರ್ಗದಲ್ಲಾದರೂ ಕಳುಹಿಸಿದಲ್ಲಿಗೆ ಹೋಗುತ್ತೇನೆ ಎಂಬುದು ಅದರ ನಂತರ. ರಾಷ್ಟ್ರಪತಿಯವರ ಮತ್ತು ತನ್ನ ಮೇಲಿನ ಅಧಿಕಾರಿಯ ಆದೇಶಗಳನ್ನು ಪ್ರಾಣಾಪಾಯವಿದ್ದರೂ ಪಾಲಿಸುತ್ತೇನೆ ಎಂಬುದು ಕೊನೆಗೆ. ಅಧಿಕಾರಿಗೆ ಆದೇಶ ಕೊಡುವ ಬಲ ಬಂದಿರುವುದೂ ಅದೇ ಸಂವಿಧಾನದಿಂದ, ಅದರಡಿಯ ಕಾನೂನಿನಿಂದ. ಆ ಕಾನೂನನ್ನು ಮುರಿಯಲು ಕೊಟ್ಟ ಆದೇಶಕ್ಕೆ ಆ ಬಲವಿರುವುದಿಲ್ಲ.

ಇದು ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ನಿರಾಯುಧ ಜನರ ಮೇಲೆ ಗುಂಡು ಹಾರಿಸು ಎಂಬ ಆದೇಶದಲ್ಲಿ. ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಜನರಲ್ ಡೈಯರ್ ಮುನ್ನೆಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಲು ಹೇಳಿದಾಗ, ಬ್ರಿಟಿಷ್ ಭಾರತದ ಸೇನೆಯ ಸಿಪಾಯಿಗಳು ಸುಮಾರು ಹತ್ತು ನಿಮಿಷದಲ್ಲಿ 1,650 ಸುತ್ತು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ 379 ಜನ ಸತ್ತರು. ಹನ್ನೊಂದು ವರ್ಷಗಳ ನಂತರ, 1930ರ ಏಪ್ರಿಲ್ 23ರಂದು, ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳ ಗುಂಪಿನ ಎದುರು ನಿಂತ ರಾಯಲ್ ಗಢವಾಲ್ ರೈಫಲ್ಸ್ ತುಕಡಿ ಗುಂಡು ಹಾರಿಸಲು ಒಪ್ಪಲಿಲ್ಲ. ಅದರ ಮುಂದಾಳು ಚಂದ್ರಸಿಂಗ್ ಗಢವಾಲಿ ಅವರಿಗೆ ಕೋರ್ಟ್ ಮಾರ್ಷಲ್ ಆಗಿ ಜೀವಾವಧಿ ಶಿಕ್ಷೆ ಬಿತ್ತು, ಬಿಡುಗಡೆಯಾದದ್ದು 1941ರಲ್ಲಿ. ಅವರ ಹೆಸರಿನಲ್ಲಿ ಅಂಚೆಚೀಟಿ ಬಂದದ್ದು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ಮೇಲೆ. ನೆಟ್ಟಗೆ ನಿಂತವನಿಗೆ ಕಾನೂನು ತಕ್ಷಣ ಬೆನ್ನಿಗೆ ನಿಲ್ಲುತ್ತದೆಂಬ ಭರವಸೆಯನ್ನು ಚರಿತ್ರೆ ಯಾರಿಗೂ ಕೊಟ್ಟಿಲ್ಲ. ಇದನ್ನು ಮರೆಮಾಚಿ ಹುಡುಗನಿಗೆ ಧೈರ್ಯ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಕಡೆಯವರು ಇದನ್ನು ಅರಿಯಲು ಪೇಶಾವರದ ತನಕ ಹೋಗಬೇಕಾಗಿಯೂ ಇಲ್ಲ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ, ಅದು ಆಗ ಕೋಲಾರ ಜಿಲ್ಲೆಯಲ್ಲಿತ್ತು, 1938ರ ಏಪ್ರಿಲ್ 25ರಂದು ನಿಷೇಧವನ್ನು ಮೀರಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹಾರಿಸಿದವರು ಮೈಸೂರು ಸಂಸ್ಥಾನದ ಪೊಲೀಸರು, ಸೈನಿಕರಲ್ಲ. ಆದರೆ ಬಂದೂಕು ಹಿಡಿದು ಆದೇಶಕ್ಕೆ ಕಾಯುತ್ತಿದ್ದವನ ಮುಂದಿದ್ದ ಪ್ರಶ್ನೆ ಇದೇ ಆಗಿತ್ತು.

ಇಂದಿನ ಕಾನೂನು ಇಂಥ ಸಂದರ್ಭವನ್ನು ಬಹಳ ಬಿಗಿಯಾಗಿ ಕಟ್ಟಿಹಾಕಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಮಿನ ಪ್ರಕಾರ, ಅಕ್ರಮ ಕೂಟವನ್ನು ಚದುರಿಸಲು ಬೇರೆ ದಾರಿಯಿಲ್ಲದಾಗ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಸೇನೆಯನ್ನು ಕರೆಯಬಹುದು. ಆದರೆ ಕರೆಸಿಕೊಂಡ ಅಧಿಕಾರಿ, ಗುಂಪನ್ನು ಚದುರಿಸಲು ಬೇಕಾದಷ್ಟೇ, ಅಂದರೆ ಸಾಧ್ಯವಾದಷ್ಟು ಕಡಿಮೆ ಬಲವನ್ನು ಬಳಸಬೇಕು. ಜನರಿಗೂ ಆಸ್ತಿಗೂ ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು. ತಾನು ಪಾಲಿಸಲು ಬದ್ಧನಾಗಿದ್ದ ಆದೇಶವನ್ನು ಪಾಲಿಸಿದ ಸಿಪಾಯಿಗೆ 151ನೇ ಕಲಂ ರಕ್ಷಣೆ ಕೊಡುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 76ನೇ ಕಲಮಿಗೆ ಕೊಟ್ಟಿದ್ದ ಉದಾಹರಣೆಯೂ ಸೈನಿಕನದೇ: ಮೇಲಧಿಕಾರಿಯ ಆದೇಶದಂತೆ, ಕಾನೂನಿನ ಅಪ್ಪಣೆಗೆ ಅನುಗುಣವಾಗಿ, ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧಿಯಲ್ಲ. ಇಂದು ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 14ನೇ ಕಲಮಿನಲ್ಲಿದೆ. 'ಕಾನೂನಿನ ಅಪ್ಪಣೆಗೆ ಅನುಗುಣವಾಗಿ' ಎಂಬ ಅಷ್ಟನ್ನು ತೆಗೆದರೆ ಆ ರಕ್ಷಣೆಯೂ ಹೋಗುತ್ತದೆ. ಶರಣಾದವನನ್ನು ಹೊಡೆ, ಕೈಕಟ್ಟಿದವನನ್ನು ಹಿಂಸಿಸಿ ಬಾಯಿಬಿಡಿಸು ಎಂಬ ಆದೇಶಗಳು ಈ ರಕ್ಷಣೆಯ ಹೊರಗಿನವು. 1949ರ ಜಿನೀವಾ ಒಪ್ಪಂದಗಳಿಗೆ ಭಾರತ ಬದ್ಧವಾಗಿದೆ, ಅದಕ್ಕಾಗಿ 1960ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ (ಆಫ್‌ಸ್ಪಾ) ಜಾರಿಯಲ್ಲಿರುವ ಪ್ರದೇಶಗಳಲ್ಲಿಯೂ ಮಿತಿಮೀರಿದ ಅಥವಾ ಸೇಡಿನ ಬಲಪ್ರಯೋಗಕ್ಕೆ ಅವಕಾಶವಿಲ್ಲವೆಂದು ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಹುಡುಗನಿಗೆ ಇಂಥ ಸಂದರ್ಭ ಬಾರದೆಯೇ ನಾಲ್ಕು ವರ್ಷ ಕಳೆಯುವ ಸಾಧ್ಯತೆಯೇ ಹೆಚ್ಚು. ತಪ್ಪು ಆದೇಶ ಬರುವುದು ಸಾಮಾನ್ಯವಾಗಿ ಸ್ಟೋರಿನಲ್ಲಿ, ಅಡುಗೆಮನೆಯಲ್ಲಿ, ರಿಜಿಸ್ಟರಿನ ಮುಂದೆ. ರೇಷನ್ ಹತ್ತು ಚೀಲ ಬಂದಿದ್ದರೂ ಹನ್ನೆರಡು ಎಂದು ಬರೆ, ಡೀಸೆಲ್ ಗಾಡಿಗೆ ಹಾಕದಿದ್ದರೂ ಹಾಕಿದಂತೆ ಸಹಿ ಮಾಡು ಎಂದು ಹವಾಲ್ದಾರರೊಬ್ಬರು ಹೇಳಿದರೆ, ಸಹಿ ಯಾರದೋ ಸಿಕ್ಕಿಬೀಳುವವನು ಅವನೇ. ಸುಳ್ಳು ದಾಖಲೆಗೆ ಸೇನಾ ಕಾಯ್ದೆಯ 57ನೇ ಕಲಮಿನಡಿ 14 ವರ್ಷಗಳವರೆಗೂ ಶಿಕ್ಷೆಯಿದೆ. ಹಾಗೆಯೇ ಸೇನೆಯ ಕೆಲಸಕ್ಕೆ ಸಂಬಂಧವೇ ಇಲ್ಲದ ಸ್ವಂತದ ಚಾಕರಿ ಸೇನಾ ಆದೇಶವಾಗುವುದಿಲ್ಲ. ತರಬೇತಿಯಲ್ಲಿ ರಗಡಾ, ಅಂದರೆ ಮೈ ದಣಿಸುವ ಕಸರತ್ತಿನ ಶಿಕ್ಷೆ, ಇರುತ್ತದೆ, ಅದನ್ನು ತಾಳಿಕೊಳ್ಳಬೇಕು, ಹೊಡೆತ ಬೇರೆ. ಕೆಳಗಿನವರ ಮೇಲೆ ಕೈಮಾಡುವ, ಅವರನ್ನು ಹಿಂಸಿಸುವ ಅಧಿಕಾರಿ, ಸುಬೇದಾರ್ ಅಥವಾ ಹವಾಲ್ದಾರರಿಗೆ 47ನೇ ಕಲಂ 7 ವರ್ಷಗಳವರೆಗೆ ಸೆರೆವಾಸ ಹೇಳುತ್ತದೆ. ಮುಂದೆ ಅವನೇ ಇನ್ನೊಬ್ಬರ ಮೇಲಿನವನಾದಾಗ ಈ ಕಲಂ ಅವನಿಗೂ ನೆನಪಿರಬೇಕು.

ಅಧಿಕಾರಿಗಳಿಗೆ ಅಳತೆ ಇನ್ನೂ ಕಠಿಣವಾಗಿದೆ. ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ 1932ರಲ್ಲಿ ಆಗಿನ ಬ್ರಿಟಿಷ್ ಭಾರತದ ಸೇನೆಯ ಮುಖ್ಯಸ್ಥ ಜನರಲ್ ಚೆಟ್‌ವುಡ್ ಹೇಳಿದ, ಇಂದಿಗೂ ಅಲ್ಲಿನ ಧ್ಯೇಯವಾಕ್ಯವಾಗಿರುವ ಮಾತಿನಲ್ಲಿ ದೇಶದ ಸುರಕ್ಷತೆ, ಗೌರವ, ಕ್ಷೇಮ ಮೊದಲು, ತನ್ನ ಕೈಕೆಳಗಿನವರ ಗೌರವ, ಕ್ಷೇಮ, ಸೌಕರ್ಯ ಆಮೇಲೆ, ತನ್ನ ಸುಖ ಮತ್ತು ಸುರಕ್ಷತೆ ಯಾವಾಗಲೂ ಕೊನೆಗೆ. ಸ್ಥಾನಕ್ಕೆ ತಕ್ಕುದಲ್ಲದ ನಡತೆಗೆ ಅಧಿಕಾರಿಯನ್ನು ವಜಾ ಮಾಡುವ 45ನೇ ಕಲಂ ಜವಾನರಿಗೆ ಅನ್ವಯಿಸುವುದಿಲ್ಲ. ಅವರಿಗೆ ಶಿಸ್ತುಭಂಗದ 63ನೇ ಕಲಂ ಇದೆ.

ರಜೆಯಲ್ಲಿ ಊರಿಗೆ ಬಂದಾಗಲೂ ಈ ಶಿಸ್ತು ಹಿಂದೆಯೇ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿ ಚುನಾವಣೆ ಹತ್ತಿರ ಬಂದರೆ ಬಸ್ ನಿಲ್ದಾಣದ ಎದುರು ಏಳುವ ಫ್ಲೆಕ್ಸುಗಳಲ್ಲಿ, ಅಭ್ಯರ್ಥಿಯ ಪಕ್ಕದಲ್ಲಿ ಯೂನಿಫಾರಂ ತೊಟ್ಟ ಊರಿನ ಹುಡುಗನ ಫೋಟೊವನ್ನು ಅಭಿಮಾನದಿಂದಲೇ ಹಾಕಿಸುತ್ತಾರೆ. ಸೈನಿಕರಿಗೆ ಮತ ಹಾಕುವ ಹಕ್ಕಿದೆ, ಪಕ್ಷದ ಕೆಲಸ ಮಾಡುವ ಹಕ್ಕಿಲ್ಲ. ಸಂವಿಧಾನದ 33ನೇ ವಿಧಿ ಅವರ ಕೆಲವು ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ರಕ್ಷಣಾ ಸಿಬ್ಬಂದಿಯ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2019ರಲ್ಲಿ ಪಕ್ಷಗಳಿಗೂ ಸೂಚಿಸಿತ್ತು. ಆದ್ದರಿಂದ ಆ ಫೋಟೊ ಹಾಕಬೇಡಿ ಎಂದು ಮನೆಯವರೇ ಮೊದಲು ಹೇಳಿಬಿಡುವುದು ಒಳ್ಳೆಯದು. ಪಹಣಿ ತಿದ್ದುಪಡಿಗೋ ಪೋಡಿಗೋ ತಾಲೂಕು ಕಚೇರಿಗೆ ಯೂನಿಫಾರಂ ಹಾಕಿಕೊಂಡು ಹೋಗಿ ಒತ್ತಡ ತರುವುದೂ ಇದೇ ಜಾತಿಯ ತಪ್ಪು. ಜಮೀನಿನ ವ್ಯಾಜ್ಯವಿದ್ದು ಅವನು ಯುದ್ಧದಂಥ ವಿಶೇಷ ಪರಿಸ್ಥಿತಿಯ ಕರ್ತವ್ಯದಲ್ಲಿದ್ದರೆ, 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಡಿ ವಿಚಾರಣೆಯನ್ನು ಮುಂದೂಡಿಸಿಕೊಳ್ಳುವ ಅವಕಾಶವಿದೆ. ಅದನ್ನು ಬಳಸಿಕೊಳ್ಳಲು ವಕೀಲರಿಗೆ ಹೇಳಿ.

ಇನ್ನು ಅಪರಾಧವೆಂದು ಸ್ಪಷ್ಟವಾಗಿ ಕಾಣುವ ಆದೇಶ ಬಂದೇಬಿಟ್ಟರೆ ಏನು ಮಾಡಬೇಕು? ಮೊದಲು ಅದನ್ನು ಮತ್ತೊಮ್ಮೆ ಹೇಳಿಸಿಕೊಳ್ಳಬೇಕು. ಎಷ್ಟೋ ಸಲ ಸಿಟ್ಟಿನಲ್ಲಿ ಆಡಿದ ಮಾತು ಎರಡನೆಯ ಸಲಕ್ಕೆ ಬದಲಾಗುತ್ತದೆ. ಬದಲಾಗದಿದ್ದರೆ, ಇದನ್ನು ಮಾಡಲು ತನ್ನಿಂದಾಗದು ಎಂದು ಸಾವಧಾನ್ ನಿಂತೇ, ದನಿ ಏರಿಸದೆ ಹೇಳಿ, ಅವರಿಗಿಂತ ಮೇಲಿನವರಿಗೆ ಆದಷ್ಟು ಬೇಗ ತಿಳಿಸಬೇಕು. ಇಲ್ಲಿ ಒಂದು ಎಚ್ಚರಿಕೆಯಿದೆ. ಊರಿನಲ್ಲಿ ನಾವು ನಾಲ್ಕು ಜನ ಸೇರಿಕೊಂಡು ಹೋಗಿ ಕೇಳುವುದು ಸಹಜ. ಸೇನೆಯಲ್ಲಿ ನಾಲ್ಕು ಜನ ಒಟ್ಟಾಗಿ ಆದೇಶ ಪಾಲಿಸುವುದಿಲ್ಲ ಎಂದರೆ ಅದು ಸೇನಾ ಕಾಯ್ದೆಯ 37ನೇ ಕಲಮಿನ ಬಂಡಾಯವಾಗಬಹುದು, ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಿದೆ. ಅವನು ತನ್ನ ಮಾತನ್ನು ತಾನೊಬ್ಬನೇ, ತನ್ನ ಹೆಸರಿನಲ್ಲಿ ಹೇಳಬೇಕು.

ದೂರಿನ ದಾರಿ 26ನೇ ಕಲಮಿನಲ್ಲಿದೆ. ಜವಾನನು ತನ್ನ ಮೇಲಿನ ಅಧಿಕಾರಿಗೆ ದೂರಬಹುದು. ದೂರು ಅವರ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ಯೂನಿಟ್ಟಿನ ಮುಖ್ಯಸ್ಥರಾದ ಸಿಒ (ಕಮಾಂಡಿಂಗ್ ಆಫೀಸರ್) ನಡೆಸುವ ಸೈನಿಕ ಸಮ್ಮೇಳನದಲ್ಲಿ ಎದ್ದು ಕೇಳುವ ಅವಕಾಶವೂ ಇದೆ, ಆದರೆ ಹೊಸ ಹುಡುಗರು ಎಲ್ಲರ ಎದುರಿಗೆ ಬಾಯಿಬಿಡುವುದು ಅಪರೂಪವೆಂಬುದನ್ನು ಒಪ್ಪಿಕೊಳ್ಳಬೇಕು. ಈ ದಾರಿ ನಿಧಾನ. ಕೆಲವೊಮ್ಮೆ ದೂರಿದವನಿಗೇ ಮುಜುಗರವಾಗುವಷ್ಟು ನಿಧಾನ. ಹಾಗೆಂದು ಮೊಬೈಲಿನಲ್ಲಿ ವಿಡಿಯೊ ಮಾಡಿ ಹರಿಬಿಟ್ಟರೆ ದೂರಿನಲ್ಲಿ ಎಷ್ಟೇ ಸತ್ಯವಿದ್ದರೂ ಹರಿಬಿಟ್ಟದ್ದೇ ಬೇರೆ ಅಪರಾಧವಾಗಿ ಅವನ ಮೇಲೆ ತಿರುಗುತ್ತದೆ. 2020ರಲ್ಲಿ ಸೇನೆ 89 ಆ್ಯಪ್‌ಗಳನ್ನು ತೆಗೆದುಹಾಕಲು ಹೇಳಿದ್ದರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಇದ್ದವು. ಸುಳ್ಳೆಂದು ಗೊತ್ತಿದ್ದೂ ಆರೋಪ ಹೊರಿಸುವುದಕ್ಕೆ 56ನೇ ಕಲಮಿನಲ್ಲಿ 5 ವರ್ಷಗಳವರೆಗೆ ಶಿಕ್ಷೆಯಿದೆ.

ಒಳಗಿನ ದಾರಿಗಳೆಲ್ಲ ಮುಗಿದ ಮೇಲೆ 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕೋರ್ಟ್ ಮಾರ್ಷಲಿನ ಶಿಕ್ಷೆ, ವಜಾ, ವೇತನ, ಪಿಂಚಣಿಯ ತಕರಾರುಗಳನ್ನು ಅದು ಕೇಳುತ್ತದೆ. ಮನೆಯವರು ಹೆಚ್ಚಾಗಿ ಹೇಳಿಕೊಳ್ಳುವ ಎರಡು ದೂರುಗಳು, ರಜೆ ಸಿಗಲಿಲ್ಲ ಎಂಬುದೂ ದೂರದ ಊರಿಗೆ ಹಾಕಿದರು ಎಂಬುದೂ, ಅದರ ವ್ಯಾಪ್ತಿಗೆ ಬರುವುದಿಲ್ಲ. ಅವನ್ನು ಯೂನಿಟ್ಟಿನಲ್ಲಿಯೇ ಕೇಳಿಕೊಳ್ಳಬೇಕು.